ನಮ್ಮ ಬಾವಿಯಿಂದ ಹೋದ ಹದಿನಾರು ಬಾಟಲಿ

ಲಕ್ಷಕ್ಕೆ ಒಬ್ಬರು ಎಂದಿರೋ, ಹತ್ತು ಲಕ್ಷಕ್ಕೆ ಒಬ್ಬರು ಎಂದಿರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಹೋದ ವರ್ಷದ ಗ್ರಾಮಸಭೆ. ಮೈಕು ಕರಕರ ಎನ್ನುತ್ತಿತ್ತು. ಪಟ್ಟಣದವರು ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ನಮ್ಮ ಕೆರೆಗೆ ತುಂಬಿಸುತ್ತಿದ್ದೀರಲ್ಲ, ಏರಿಯ ಕೆಳಗಿನ ಕೊಳವೆಬಾವಿಯ ನೀರು ಕುಡಿಯುವವರಿಗೆ ಏನಾದರೂ ಆದೀತೇ ಎಂದು ಯಾರೋ ಕೇಳಿದ್ದರು. ತಾವು ಒಂದು ಅಂಕಿ ಹೇಳಿದಿರಿ. ಜನ ತಲೆಯಾಡಿಸಿದರು. ಲಕ್ಷದ ಲೆಕ್ಕ ಹೇಳಿದರೆ ನಮ್ಮ ಕಡೆ ಜನ ತಲೆಯಾಡಿಸುತ್ತಾರೆ. ಏರಿಯ ಕೆಳಗಿನ ಕಾಲೋನಿಯಲ್ಲಿ ಇರುವವರು ಇನ್ನೂರ ಹತ್ತು ಮಂದಿ. ಮಿಕ್ಕ ತೊಂಬತ್ತೊಂಬತ್ತು ಸಾವಿರ ಚಿಲ್ಲರೆ ಜನ ಎಲ್ಲಿದ್ದಾರೆಂದು ಕೇಳಬೇಕೆಂದು ಆಗ ಯಾರಿಗೂ ತೋಚಲಿಲ್ಲ.

ಮಾನ್ಯರೇ, ನೀರಿನ ಅಪಾಯವನ್ನು ಅಳೆದು ವರದಿಗೆ ಸಹಿ ಹಾಕುವ ಕುರ್ಚಿಯಲ್ಲಿ ಕೂತವರೇ, ನನ್ನ ದೂರು ಇಷ್ಟೇ. ತಾವು ನಾಲ್ಕು ವರ್ಷ ಅಳೆದದ್ದು ಆ ನೀರನ್ನಲ್ಲ. ಅಳೆದದ್ದು ನಮ್ಮ ಮನೆಯ ಹಿತ್ತಲ ಬಾವಿಯ ನೀರನ್ನು. ಅದನ್ನು ಕುಡಿದ ನಾವೆಲ್ಲ ಚೆನ್ನಾಗಿದ್ದೇವೆ. ತಮ್ಮ ವರದಿ ನಮ್ಮ ಮಟ್ಟಿಗೆ ಸಂಪೂರ್ಣ ಸತ್ಯ.

ನಮ್ಮೂರು ದುದ್ದದಿಂದ ಬೈಕಿನಲ್ಲಿ ಹತ್ತು ನಿಮಿಷ. ನಾನು ಹಾಸನದ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಕೆರೆಗೆ ನೀರು ತುಂಬಿಸುವ ಮೊದಲಿನ ಒಂದು ವರ್ಷ, ತುಂಬಿಸಿದ ಮೇಲಿನ ಮೂರು ವರ್ಷ, ಮೂರು ತಿಂಗಳಿಗೊಮ್ಮೆ ಒಂದು ಖಾಲಿ ಬಾಟಲಿ ಪಂಚಾಯ್ತಿಗೆ ಬರುತ್ತಿತ್ತು. ಅದನ್ನು ಆ ಕೊಳವೆಬಾವಿಯ ನೀರು ಬರುವ ಕಾಲೋನಿಯ ನಲ್ಲಿಯಲ್ಲಿ ತುಂಬಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ತಮ್ಮ ಕಡೆಯಿಂದ ಒಬ್ಬರು ಬಂದು ತುಂಬಿಸಬೇಕೆಂದು ನಿಯಮವಿದೆಯಂತೆ. ಜೀಪು ಇರಲಿಲ್ಲವೋ, ಜನ ಇರಲಿಲ್ಲವೋ. ಆ ಕೆಲಸ ನೀರುಗಂಟಿ ಶಿವಯ್ಯನ ಪಾಲಿಗೆ ಬಂತು. ವಾಲ್ವು ತಿರುಗಿಸಿ ಊರಿಗೆ ನೀರು ಬಿಡುವವನು ಅವನೇ, ಮನೆ ಕಾಲೋನಿಯಲ್ಲಿ. ಅಕ್ಷರ ಚೆನ್ನಾಗಿದೆ ಎಂದು ಬಾಟಲಿಯ ಮೇಲಿನ ಚೀಟಿ ಬರೆಯಲು ಅವನು ನನ್ನ ಹತ್ತಿರ ಬರುತ್ತಿದ್ದ.

ಮೊದಲ ಸಲ ಬಂದಾಗ ನನ್ನ ತಾಯಿ ಲಕ್ಕಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವನ ಕೈಯಲ್ಲಿದ್ದ ಬಾಟಲಿಯನ್ನು ಕೂತಲ್ಲಿಂದಲೇ ನೋಡಿದಳು.

"ಇದ್ರಾಗೆ ಏನ್ಲಾ ಇದು, ಮಣ್ಣು ಕಲಸ್ದಂಗೈತೆ?"

"ನಲ್ಲಿ ನೀರು ಕಣವ್ವಾರೆ. ಆಪೀಸ್ನೋರು ನೋಡಕ್ಕೆ ಕೇಳವ್ರೆ."

"ನೋಡಕ್ಕೆ ಅಂದ್ರೆ? ಬಾಯ್ಗಾಕ್ಕೊಂಡು ತಾನೆ ನೋಡೋದು? ಊರ್ ಮಾನ ಕಳೀತೀಯಲ್ಲೋ ಶಿವಯ್ಯ. ತತ್ತಾ ಇಲ್ಲಿ."

ಅವಳು ಆ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿ, ಪಾತ್ರೆ ತೊಳೆಯುವ ಪುಡಿ ಹಾಕಿ ಬಾಟಲಿ ಉಜ್ಜಿ, ಹಿತ್ತಲ ಬಾವಿಯಿಂದ ಸೇದಿ ತುಂಬಿಸಿಕೊಟ್ಟಳು. ಬಾಟಲಿಯ ಮೇಲೆ ತೊಳೆಯಬಾರದು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದನ್ನು ಓದಬಲ್ಲವನು ನಾನೊಬ್ಬ. ಕಾಲೇಜಿಗೆ ಹೊತ್ತಾಗಿತ್ತು. 'ಸ್ಥಳ: ಕಾಲೋನಿ ನಲ್ಲಿ' ಎಂದು ಬರೆದು ಹೊರಟೆ. ಎರಡನೆಯ ಸಲದಿಂದ ಶಿವಯ್ಯ ಕಾಲೋನಿಯ ನಲ್ಲಿಗೆ ಹೋಗಲೇ ಇಲ್ಲ. ಖಾಲಿ ಬಾಟಲಿ ಹಿಡಿದು ನೇರ ನಮ್ಮ ಹಿತ್ತಲಿಗೆ ಬರುತ್ತಿದ್ದ. ದೂರದಿಂದ ಬಂದವರಿಗೆ ಮನೆಯಲ್ಲಿರುವುದರಲ್ಲಿ ಒಳ್ಳೆಯದನ್ನು ಕೊಡುತ್ತೇವೆ. ತಮಗೂ ಕೊಟ್ಟೆವು.

ಇನ್ನೊಂದು ಮಾತು ತಮ್ಮ ವರದಿಯ ಯಾವ ಕಾಲಂನಲ್ಲೂ ಇಲ್ಲದ್ದು. ಈ ಬಾವಿಯಿಂದ ಕಾಲೋನಿಯವರು ನೀರು ಸೇದುವುದಿಲ್ಲ. ಸೇದಬೇಡಿ ಎಂದು ಯಾರೂ ಹೇಳಿಲ್ಲ. ಹೇಳುವ ಅಗತ್ಯ ಯಾರಿಗೂ ಬಿದ್ದಿಲ್ಲ. ಶಿವಯ್ಯ ಬಾಟಲಿಯನ್ನು ಕಟ್ಟೆಯಿಂದ ನಾಲ್ಕು ಹೆಜ್ಜೆ ಈಚೆಗೆ ಇಡುತ್ತಿದ್ದ. ಅಮ್ಮ ತುಂಬಿಸಿ ಅಲ್ಲೇ ಇಡುತ್ತಿದ್ದಳು. ಹೀಗೆ ಆ ನೀರು ಅವನ ಕೈಗೆ ಬಂದದ್ದು ಮೂರು ತಿಂಗಳಿಗೆ ಒಂದು ಲೀಟರು, ಅದೂ ತಮಗೆ ಕಳಿಸುವುದಕ್ಕೆ.

ಫಲಿತಾಂಶ ಬಂದಾಗ ಅವನ ಖುಷಿ ನೋಡಬೇಕಿತ್ತು. "ಪಸ್ಟ್ ಕ್ಲಾಸು ಮೇಷ್ಟ್ರೇ! ನನ್ ಮಗ ನಟರಾಜು ಮೂರ್ ಸಲ ಕಟ್ಟುದ್ರೂ ಇಂಗೆ ಪಾಸಾಗ್ಲಿಲ್ಲ." ನಾನೂ ವರದಿ ನೋಡಿದೆ. ನೀರಿನ ಗಡಸುತನ ನೂರನಲವತ್ತೆಂಟು. ಕಾಲೋನಿಯ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಅದು ಆರುನೂರಕ್ಕೆ ಕಡಿಮೆಯಿರಲು ಸಾಧ್ಯವಿಲ್ಲ. ನಮ್ಮ ಬಾವಿಯದಾದರೆ ನೂರನಲವತ್ತರ ಆಸುಪಾಸು. ಗಡಸುತನ ಅಳೆಯುವ ಪ್ರಯೋಗಕ್ಕೆ ಪ್ರತಿ ವರ್ಷ ಮನೆಯಿಂದಲೇ ಒಂದು ಕ್ಯಾನು ನೀರು ಒಯ್ಯುತ್ತೇನೆ. ಕೆಂಪು ನೀಲಿಗೆ ತಿರುಗುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಬಾವಿಯ ಅಂಕಿಯ ಹಾಗೇ ಇದೆಯಲ್ಲ ಅಂದುಕೊಂಡೆ. ಅಷ್ಟಕ್ಕೆ ಬಿಟ್ಟೆ. ಹದಿನಾರು ಸಲ ಅಷ್ಟಕ್ಕೇ ಬಿಟ್ಟೆ. ಕೆರೆಗೆ ನೀರು ತುಂಬಿಸುವ ಮೊದಲೂ ಆಮೇಲೂ ಅಂಕಿ ಬದಲಾಗಿಲ್ಲವೆಂದು ತಾವು ವರದಿಯಲ್ಲಿ ಸಂತೋಷಪಟ್ಟಿದ್ದೀರಿ. ಬದಲಾಗುವುದು ಹೇಗೆ? ನಮ್ಮ ಬಾವಿ ಕೆರೆಗಿಂತ ಮೇಲಿದೆ.

ಶಿವಯ್ಯನಿಗೆ ಒಬ್ಬಳು ಮಗಳಿದ್ದಳು, ರಂಜಿನಿ. ನನ್ನ ವಿದ್ಯಾರ್ಥಿನಿ. ಅರಕಲಗೂಡಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆಂದು ಏಳು ತಿಂಗಳು ತುಂಬಿದಾಗ ತವರಿಗೆ ಬಂದಳು. ಬಂದ ವಾರದಲ್ಲೇ ಒಂದು ಸಂಜೆ ತಾಯಿ ಪಾರ್ವತಮ್ಮನ ಜೊತೆ ನಮ್ಮ ಮನೆಗೆ ಬಂದಿದ್ದಳು. ಪಾರ್ವತಮ್ಮ ನಮ್ಮ ಕೊಟ್ಟಿಗೆಯ ಕೆಲಸ ಮಾಡುತ್ತಾಳೆ.

"ಸರ್, ನಲ್ಲಿ ನೀರು ಒಂಥರಾ ವಾಸ್ನೆ ಬರ್ತೈತೆ. ಕುಡೀಬೋದಾ?"

ನಾನು ಒಳಗೆ ಹೋಗಿ ತಮ್ಮ ಇತ್ತೀಚಿನ ವರದಿ ತಂದು ಕೊಟ್ಟೆ. ಜಗಲಿಯ ದೀಪದ ಕೆಳಗೆ ನಿಂತು ಓದಿದಳು. ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದಳು, ಲ್ಯಾಬಿನಲ್ಲಿ ನಾನು ಹೇಳಿಕೊಟ್ಟ ಹಾಗೆ. ಒಂದು ಕಡೆ ಬೆರಳು ನಿಂತಿತು. ಆಮೇಲೆ ಕಾಗದ ಮಡಿಸಿ ವಾಪಸು ಕೊಟ್ಟಳು.

"ಒಳ್ಳೇ ನೀರು ಸರ್."

"ಮೇಷ್ಟ್ರು ಯೋಳುದ್ಮ್ಯಾಲೆ ಮುಗೀತು, ನಡಿಯಮ್ಮಿ," ಅಂದಳು ಪಾರ್ವತಮ್ಮ.

ತವರಿಗೆ ಬಂದ ಏಳನೆಯ ವಾರ ಅವಳ ಕಣ್ಣು ಹಳದಿಯಾಯಿತು. ಹಾಸನದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು. ನೀರಿನಿಂದ ಬರುವ ಕಾಮಾಲೆ, ಬಸುರಿಯರಿಗೆ ಬಂದರೆ ಕಷ್ಟ ಎಂದರು ಡಾಕ್ಟರು. ಕೈಲಾದದ್ದೆಲ್ಲ ಮಾಡಿದರು. ಮಗು ಮೊದಲು ಹೋಯಿತು. ಹದಿನಾರನೆಯ ವರದಿ ಅದೇ ತಿಂಗಳು ಬಂತು. ಅಪಾಯದ ಮಟ್ಟ: ಕಡಿಮೆ. ಕುಡಿಯಲು ಯೋಗ್ಯ.

ಹನ್ನೊಂದನೆಯ ದಿನದ ಕಾರ್ಯ ಮುಗಿದು ವಾರವಾಗಿರಬೇಕು. ಶಿವಯ್ಯ ಹದಿನೇಳನೆಯ ಬಾಟಲಿ ತಂದು ಎಂದಿನ ಜಾಗದಲ್ಲಿ ಇಟ್ಟ. ಅವನನ್ನು ಜಗಲಿಗೆ ಕರೆದು ಕೂರಿಸಿ ಎಲ್ಲ ಹೇಳಿದೆ. ಗಡಸುತನ, ಕೆರೆ, ಚೀಟಿ. ಅವನು ಎದ್ದು ಹೋಗಿ ಆ ಬಾಟಲಿಯನ್ನು ತಂದು ನನ್ನ ಮುಂದಿಟ್ಟ.

"ಒಳ್ಳೇದ್ನೇ ಕಳಿಸ್ತಾ ಇವ್ನಿ ಅಂದ್ಕಂಡಿದ್ದೆ ಮೇಷ್ಟ್ರೇ."

"ನಾನೂ ಹೇಳ್ಬೇಕಿತ್ತು."

"ನೀವು ಓದಿದೋರು." ಅಷ್ಟೇ ಅಂದ. ಬೈದನೋ ಸಮಾಧಾನ ಹೇಳಿದನೋ ಗೊತ್ತಾಗಲಿಲ್ಲ. ಹೋಗುವಾಗ ತಿರುಗಿ, "ಬರೀರಿ. ನನ್ ಹೆಸ್ರೂ ಹಾಕಿ," ಅಂದ. ಹಾಕಿದ್ದೇನೆ.

ನನಗೆ ಸಿಟ್ಟು ಬಂದಿಲ್ಲ. ಬರಬೇಕಿತ್ತು ಎಂದು ಕೆಲವರು ಹೇಳಿದರು. ಬೆಳಿಗ್ಗೆ ಎದ್ದು ಬಾವಿಯ ನೀರು ಕುಡಿದು ಕಾಲೇಜಿಗೆ ಹೋಗುತ್ತೇನೆ. ನೀರು ರುಚಿಯಾಗಿಯೇ ಇದೆ. ಕಳೆದ ವಾರ ಪತ್ರಿಕೆಯಲ್ಲಿ ತಮ್ಮ ಕಚೇರಿಯ ಪ್ರಕಟಣೆ ನೋಡಿದೆ. ನಮ್ಮೂರಿನ ಉತ್ತಮ ಫಲಿತಾಂಶದ ಆಧಾರದ ಮೇಲೆ ಇನ್ನೂ ಏಳು ಕೆರೆಗಳಿಗೆ ಅದೇ ನೀರು ತುಂಬಿಸುತ್ತೀರಂತೆ. ಏಳು ಊರಿಗೂ ನಮ್ಮ ಬಾವಿಯೇ ಆಧಾರ. ಅಮ್ಮನಿಗೆ ಹೇಳಿದರೆ ಹೆಮ್ಮೆ ಪಟ್ಟಾಳು, ಹೇಳಿಲ್ಲ.

ಕೆರೆ ತುಂಬಿಸಲೇಬಾರದು ಎನ್ನುವವನಲ್ಲ ನಾನು. ಬಳಸಿದ ನೀರನ್ನು ಮತ್ತೆ ಬಳಸದೆ ಈ ಸೀಮೆಗೆ ಗತಿಯಿಲ್ಲವೆಂದು ಪಾಠವನ್ನೂ ಮಾಡಿದ್ದೇನೆ. ಕೇಳುವುದಿಷ್ಟು: ಹದಿನಾರು ವರದಿಗಳನ್ನೂ ಹಿಂದಕ್ಕೆ ಪಡೆಯಿರಿ. ಹೊಸ ಪರೀಕ್ಷೆ ಮುಗಿಯುವವರೆಗೆ ಆ ಏಳು ಕೆರೆಗಳ ಕೆಲಸ ನಿಲ್ಲಲಿ, ಕಾಲೋನಿಗೆ ಟ್ಯಾಂಕರಿನಲ್ಲಿ ನೀರು ಬರಲಿ. ಹದಿನೇಳನೆಯ ಬಾಟಲಿ ನನ್ನ ಮೇಜಿನ ಮೇಲೆ ಖಾಲಿ ಇದೆ, ತೊಳೆದಿಲ್ಲ. ತಾವೇ ಬನ್ನಿ. ಪಾರ್ವತಮ್ಮನ ಬಾಗಿಲ ನಲ್ಲಿಯಲ್ಲಿ ತಮ್ಮ ಕೈಯಾರೆ ತುಂಬಿಸಿ, ಚೀಟಿಯನ್ನೂ ತಾವೇ ಬರೆಯಿರಿ. ಅಲ್ಲಿ ತಮಗೆ ಕುಡಿಯಲು ನೀರು ಕೊಡುತ್ತಾರೆ. ಅದು ನಲ್ಲಿಯದೇ ಆಗಿರುತ್ತದೆ.

ಇಂತಿ,
ಬಾವಿಯ ನೀರಿಗೆ ಹದಿನಾರು ಸಲ ನಲ್ಲಿಯ ಹೆಸರು ಬರೆದ
ಮೋಹನ್‌ಕುಮಾರ್
ದುದ್ದ ಹೋಬಳಿ, ಹಾಸನ ತಾಲ್ಲೂಕು

ಕೆಳಗಿನದು ತಮಗಲ್ಲ, ಓದದೆ ಬಿಡಬಹುದು.

ರಂಜಿನಿ, ಆ ಸಂಜೆ ನಿನ್ನ ಬೆರಳು ನಿಂತದ್ದು ನೂರನಲವತ್ತೆಂಟರ ಮೇಲೆ. ಎರಡನೆಯ ವರ್ಷದಲ್ಲಿ ನೀನೇ ಅಳೆದು, ಮೂರು ಸಲವೂ ಅದೇ ಬಂತು ಸರ್ ಎಂದು ಓಡಿ ಬಂದು ತೋರಿಸಿದ ಅಂಕಿ. ಕಾಗದ ಮಡಿಸುವಾಗ ನೀನು ಒಮ್ಮೆ ನಮ್ಮ ಹಿತ್ತಲ ಕಡೆ ನೋಡಿದೆ. ಅದು ಯಾವ ನೀರೆಂದು ನಿನಗೆ ಗೊತ್ತಾಗಿತ್ತು ಅಲ್ಲವೇ? ಗೊತ್ತಾಗಿಯೂ ಒಂದು ಕೊಡ ಕೇಳದೆ ಯಾಕಮ್ಮ ಹೋದೆ?