ಹುಳ ಜ್ವರಕ್ಕೆ ಕೂತ ರಾತ್ರಿ

೧೨-೧-೯೯, ಮಂಗಳವಾರ. ಹೆಡತಲೆ.

ಹತ್ತನೇ ಕ್ಲಾಸಿನ ಕವನ ಇವತ್ತೂ ನನ್ನ ಪೀರಿಯಡ್‌ನಲ್ಲಿ ತೂಕಡಿಸಿದಳು. ರಾತ್ರಿ ಹತ್ತಕ್ಕೆ ಮಲಗಿ, ಬೆಳಿಗ್ಗೆ ಐದಕ್ಕೆ ಎದ್ದು ಓದಿ ಅಂತ ಬೋರ್ಡ್ ಮೇಲೆ ದೊಡ್ಡದಾಗಿ ಬರೆದಿದ್ದೀನಿ. ರೇಗಿ ಎಬ್ಬಿಸಿ ನಿಲ್ಲಿಸಿದೆ.

"ಮನೇಲಿ ರೇಷ್ಮೆ ಉಳ ಅವೆ ಮಿಸ್. ರಾತ್ರೆ ಸೊಪ್ಪು ಆಕೋಳು ನಾನೇ" ಅಂದಳು.

ಹಾಗಾದರೆ ದಿನಾ ಅರ್ಧ ಗಂಟೆಯಾದರೂ ಓದು ಅಂದೆ. ತಲೆಯಾಡಿಸಿದಳು. ಬೆಲ್ ಹೊಡೆದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನಾಳೆ ಉಳ ಜ್ವರಕ್ಕೆ ಕೂತ್ಕತವೆ, ಪೊರೆ ಬಿಡೋಗಂಟ ಸೊಪ್ಪು ತಿನ್ನಲ್ಲ. ಒಂದ್ ರಾತ್ರೆ ಬಿಡುವು ಸಿಕ್ತದೆ. ಓದ್ಲಾ ಮಿಸ್, ಮನಿಕ್ಕೊಳ್ಲಾ?"

ಪರೀಕ್ಷೆ ಹತ್ತಿರ ಬಂತು. ಆದರೂ ಆ ಕಣ್ಣು ನೋಡಿ "ಮಲಗು ಕಣಮ್ಮ" ಅಂದುಬಿಟ್ಟೆ.

ಸರಿಯೋ ತಪ್ಪೋ. ಬೋರ್ಡ್ ಮೇಲೆ ನನ್ನ ಐದು ಗಂಟೆ ಇನ್ನೂ ಹಾಗೇ ಇದೆ. ಒರೆಸೋಕೂ ಕೈ ಏಳಲಿಲ್ಲ.