ಆಡಿನ ಮಾತು

ಬಳಿಚಕ್ರ
೧೭ ನವೆಂಬರ್ ೨೦೨೪

ಪ್ರೀತಿಯ ಪಂಚಶೀಲಾ,

ಸೊಂಟನೋವು ಕಡಿಮೆಯಾಯಿತೇ? ಕಲಬುರಗಿಯ ಹಾಸ್ಟೆಲ್ ಊಟ ಒಗ್ಗಿತೇ? ನರ್ಸ್ ತರಬೇತಿ ಇನ್ನು ಹದಿನೈದೇ ದಿನ, ಗಟ್ಟಿಯಾಗಿರು. ಫೋನ್ ಮಾಡಿದರೆ ನಿನ್ನ ಮೊದಲ ಪ್ರಶ್ನೆಯೇ "ಗುಡ್ಡಿ ಮಾತಾಡ್ಯಾಳೇನ್ರಿ?" ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ, ನೀನು ಅಳುತ್ತೀ. ಅದಕ್ಕೇ ಈ ಪತ್ರ. ಎರಡೂವರೆ ವರ್ಷವಾದರೂ ಮಗಳು ಒಂದು ಮಾತೂ ಆಡದಿದ್ದರೆ ನನಗೇನು ಚಿಂತೆಯಿಲ್ಲವೇ? ಕಿವಿ ಸರಿಯಿದೆ ಎಂದು ಡಾಕ್ಟರ್ ಹೇಳಿದ್ದಾರಲ್ಲ, ಅದನ್ನೇ ನೆಚ್ಚಿಕೊಂಡಿದ್ದೇನೆ. ರೊಟ್ಟಿ ತಿಂದು ಗುಂಡಗಾಗಿದ್ದಾಳೆ.

ಈಗ ಆಡಿನ ಪುರಾಣ ಕೇಳು, ಸ್ವಲ್ಪ ನಗು. ನೀನು ತರಬೇತಿಗೆ ಹೊರಟ ವಾರವೇ ರಾಜಾಸಾಬನಿಂದ ನಾಲ್ಕು ಆಡು ತಂದೆನಲ್ಲ, "ಇವಕ್ಕ ಮಾತು ತಿಳೀತದ, ಕೋಲು ಬ್ಯಾಡ" ಅಂದಿದ್ದ. ಯಾವ ಮಾತು ಎಂದು ನಾನು ಕೇಳಲಿಲ್ಲ. ನನ್ನ ಜಾಣತನ ನಿನಗೆ ಗೊತ್ತೇ ಇದೆ. ಮೊದಲ ದಿನವೇ ಗುಡ್ಡ ಹತ್ತಿ ಬಂಡೆಯ ಮೇಲೆ ನಿಂತವು. "ಬಾ, ಬಾ" ಎಂದು ಗಂಟಲು ಹರಿದುಕೊಂಡೆ. ಅವು ನನ್ನನ್ನೇ ನೋಡುತ್ತ ಮೆಲುಕು ಹಾಕಿದವು. ಅಷ್ಟರಲ್ಲಿ ಕಟ್ಟಿಗೆ ಹೊತ್ತು ಬಂದ ರಾಜಾಸಾಬನ ಹೆಂಡತಿ ಸಾಬೇರಾ "ಆಜಾ, ಆಜಾ" ಎಂದರು ನೋಡು, ನಾಲ್ಕೂ ದಡದಡ ಇಳಿದು ಬಂದವು. ಅವರ ಮನೆಮಾತು ದಖನಿ ಉರ್ದು, ನಮ್ಮ "ಬಾ" ಅವರಿಗೆ "ಆಜಾ". ಆಡುಗಳ ಮಾತೂ ಅದೇ! "ಇವು ಇನ್ನಾ ಕನ್ನಡ ಸಾಲಿಗಿ ಹೋಗಿಲ್ರಿ" ಎಂದು ನಕ್ಕರು.

ಆಮೇಲೆ ಕರಿ ಆಡು ನಮ್ಮ ಅಂಗಳದಲ್ಲೇ ಮೂರು ಮರಿ ಹಾಕಿತು. ರಾಜಾಸಾಬನ ಮನೆಯನ್ನೇ ಕಾಣದ ಇವಕ್ಕಾದರೂ ಕನ್ನಡ ಕಲಿಸುತ್ತೇನೆಂದು ಹಟ ಹಿಡಿದೆ. "ಬಾ" ಎಂದರೆ ತಾಯಿಯ ಮುಖ ನೋಡುತ್ತವೆ. ತಾಯಿ ಕದಲದು, ಇವೂ ಕದಲವು. "ಆಜಾ" ಎಂದರೆ ತಾಯಿ ಓಡುತ್ತದೆ, ಅದರ ಬೆನ್ನಿಗೆ ಇವು. ಈಗ ತಾಯಿ ಮೇಯಲು ಹೋದಾಗಲೂ ಆ ಮಾತಿಗೇ ಬರುತ್ತವೆ. ಯಾರೂ ಪಾಠ ಹೇಳಲಿಲ್ಲ, ನೋಡಿ ನೋಡಿ ಕಲಿತವು. ನಾನೇ ಸೋತೆ. ಸಾಬೇರಾ ದಿನಾ ಸಂಜೆ ಮರಿ ನೋಡಲು ಬಂದು, ಗುಡ್ಡಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಕೂಸು ಎಲ್ಲಾ ಕೇಳಾಕತ್ತದ, ಅವಸರ ಮಾಡಬ್ಯಾಡ್ರಿ" ಎನ್ನುತ್ತಾರೆ. ಅಷ್ಟಕ್ಕೇ ನನಗೆ ಜೀವ ಬಂದಂತಾಗುತ್ತದೆ.

ಅವ್ವ ನಿನಗೆಂದು ಶೇಂಗಾ ಹಿಂಡಿ ಕುಟ್ಟಿಟ್ಟಿದ್ದಾಳೆ, ನನ್ನ ಸೊಸಿ ನೂರು ವರ್ಷ ಬಾಳಲಿ ಅಂದಿದ್ದಾಳೆ. ರೂಮಿನ ಗೆಳತಿಯರಿಗೆ ಜೈಭೀಮ್.

ನಿನ್ನ
ಹಣಮೇಶ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಮತ್ತೆ ಬಿಚ್ಚಿದೆ. ಅಂಗಳದಲ್ಲಿ "ಆಜಾ" ಎಂದು ಕೇಳಿಸಿತು. ಸಾಬೇರಾ ಬಂದರೆಂದು ಹೊರಗೆ ಹೋದರೆ ಅವರಿಲ್ಲ. ನಮ್ಮ ಗುಡ್ಡಿ ಎರಡೂ ಕೈ ಚಾಚಿ ನಿಂತಿದ್ದಾಳೆ, ಮೂರೂ ಮರಿ ಅವಳ ಕಡೆಗೆ ಓಡುತ್ತಿವೆ! ಮೊದಲ ಮಾತು ಅವ್ವಾ ಅಂತಲೂ ಅಲ್ಲ, ಅಪ್ಪಾ ಅಂತಲೂ ಅಲ್ಲ, ಹೊಟ್ಟೆಕಿಚ್ಚು ಪಡಬೇಡ. ಆಮೇಲೆ ನನ್ನ ಕಡೆ ತಿರುಗಿ ಮತ್ತೆ "ಆಜಾ" ಅಂದಳು ಪಂಚಶೀಲಾ. ಮರಿಗಳಿಗಿಂತ ಮೊದಲು ನಾನೇ ಹೋಗಿ ಮುಟ್ಟಿದೆ.