ಜೊಳ್ಳು ಹಡಗಿಗೆ ಎ ಗ್ರೇಡು

ಹಡಗುಗಳಿಗೆ ಹೊಗೆಯ ಗ್ರೇಡು ಕೊಡುವ ಕಚೇರಿಯ ಮುಖ್ಯಾಧಿಕಾರಿಗಳೇ,

ತುಂಬಿಕೊಂಡು ಓಡಿದ ಹಡಗಿಗೆ ಡಿ ಕೊಟ್ಟಿದ್ದೀರಿ, ಮುಕ್ಕಾಲು ಖಾಲಿ ಓಡಾಡಿದ ಹಡಗಿಗೆ ಎ ಕೊಟ್ಟಿದ್ದೀರಿ. ಅದರ ಫಲವಾಗಿ ನಮ್ಮೂರಿನ ಇಪ್ಪತ್ತೆರಡು ಹೆಂಗಸರು ಕೈಯಲ್ಲಿ ಆರಿಸಿ ಕಳಿಸಿದ ಕಡಲೆಬೀಜದ ಕಂಟೈನರ್ ಮದ್ರಾಸಿನ ಬಂದರಿನಲ್ಲಿ ಬಿಸಿಲಿಗೆ ಬೇಯುತ್ತ ನಿಂತಿದೆ. ಕ್ಷೇಮಸಮಾಚಾರ ಕೇಳಿ ಆಮೇಲೆ ವಿಷಯಕ್ಕೆ ಬರಬೇಕಿತ್ತು. ಅಷ್ಟು ತಾಳ್ಮೆ ನನಗಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ಆದರೆ ಮಡಕಶಿರದ ಮಂಡಿಯಲ್ಲಿ ನಲವತ್ತೊಂದು ವರ್ಷ ಕಡಲೆಕಾಯಿಗೆ ಗ್ರೇಡು ಹೇಳಿದ್ದೇನೆ. ನೀವೂ ಗ್ರೇಡು ಕೊಡುವವರು, ನಾನೂ ಗ್ರೇಡು ಕೊಡುವವನು. ಒಬ್ಬ ಕಸುಬುದಾರ ಇನ್ನೊಬ್ಬನಿಗೆ ಬರೆದ ಕಾಗದ ಎಂದೇ ತಿಳಿಯಿರಿ. ನಮ್ಮ ಕಸುಬಿನಲ್ಲಿ ಚೀಲ ಎಷ್ಟು ದೊಡ್ಡದು ಎಂದು ನೋಡಿ ಯಾರೂ ಗ್ರೇಡು ಹೇಳುವುದಿಲ್ಲ. ಚೀಲದೊಳಕ್ಕೆ ಮೊಳಕೈವರೆಗೆ ತೋಳು ತುರುಕಿ, ನಡುವಿನಿಂದ ಒಂದು ಹಿಡಿ ಕಾಯಿ ತೆಗೆದು ತೂಗಬೇಕು. ಸುಲಿಯಬೇಕು. ಬೀಜವನ್ನು ಮತ್ತೆ ತೂಗಬೇಕು. ಒಳಗೆ ಬೀಜವಿಲ್ಲದ ಕಾಯಿಗೆ ಜೊಳ್ಳು ಎನ್ನುತ್ತೇವೆ. ಜೊಳ್ಳು ನೋಡುವುದಕ್ಕೆ ಗಟ್ಟಿಕಾಯಿಗಿಂತ ದಪ್ಪಗೆ, ಬೆಳ್ಳಗೆ ಇರುತ್ತದೆ, ಹಗುರವಾಗಿಯೂ ಇರುತ್ತದೆ. ಸುಲಿಯದೆ ಗ್ರೇಡು ಹೇಳುವವನ ಕೈಗೆ ಮಂಡಿಯಲ್ಲಿ ತಕ್ಕಡಿ ಕೊಡುವುದಿಲ್ಲ. ನಿಮ್ಮ ಕೈಗೆ ಸಮುದ್ರವನ್ನೇ ಕೊಟ್ಟಿದ್ದಾರೆ.

ಆಗಿದ್ದು ಇಷ್ಟು. ನಮ್ಮ ಶಿವಲಕ್ಷ್ಮಿ ಎಂಬಾಕೆ ಇಪ್ಪತ್ತೊಂದು ಹೆಂಗಸರನ್ನು ಸೇರಿಸಿಕೊಂಡು ಕಡಲೆಬೀಜ ಆರಿಸುವ ಶೆಡ್ಡು ನಡೆಸುತ್ತಾಳೆ. ದಲ್ಲಾಳಿಯ ಹಂಗಿಲ್ಲದೆ ನೇರವಾಗಿ ಮಲೇಷಿಯಾಕ್ಕೆ ಮಾಲು ಕಳಿಸಿದ್ದು ಇದೇ ಮೊದಲು. ಮಾಲಿಗೆ ಗ್ರೇಡು ಹೇಳಿದವನು ನಾನು. ಕಂಟೈನರ್ ಬಂದರು ಸೇರಿತು. ಹಡಗೂ ಬಂತು. ಅಷ್ಟರಲ್ಲಿ ಮಾಲು ಹಡಗಿಗೆ ಹತ್ತಿಸುವ ಏಜೆಂಟನ ಫೋನು. ಅವನು ನಮ್ಮೂರಿನವನೇ, ಪ್ರಸಾದ್.

"ಮಾವಾ, ಹಡಗಿಗೆ ಡಿ ಗ್ರೇಡ್ ಅಂತೆ. ಕೊಳ್ಳೋರು ಅದರಾಗೆ ಬ್ಯಾಡ, ಎ ಗ್ರೇಡ್ ಹಡಗಿನಾಗೇ ಕಳಿಸಿ ಅಂತವ್ರೆ."

"ಎ ಗ್ರೇಡ್ ಹಡಗು ಯಾವಾಗಪ್ಪ ಬರೋದು?"

"ಇನ್ನ ಇಪ್ಪತ್ತಾರು ದಿನಕ್ಕೆ. ಅದೇ ಕದಾ ಮಾವಾ ತಲೆನೋವು!"

ಶೆಡ್ಡಿನಲ್ಲಿ ಬೀಜ ಆರಿಸುತ್ತಿದ್ದ ನರಸಕ್ಕ ತಲೆ ಎತ್ತದೆಯೇ ಕೇಳಿದಳು, "ಹಡಗು ಹೊಗೆ ಬಿಟ್ರೆ ನಮ್ ಬೀಜದ್ದೇನಣ್ಣ ತಪ್ಪು? ಬೀಜ ಏನ್ ಬೀಡಿ ಸೇದ್ತದಾ?"

ಎಲ್ಲರೂ ನಕ್ಕರು, ಶಿವಲಕ್ಷ್ಮಿ ನಗಲಿಲ್ಲ. ಕಂಟೈನರ್ ಎಂಬ ಕಬ್ಬಿಣದ ಪೆಟ್ಟಿಗೆ ಹಗಲು ಕಾದು, ಇರುಳು ತಣ್ಣಗಾಗಿ ಒಳಗೇ ಬೆವರುತ್ತದೆ. ಇಪ್ಪತ್ತಾರು ದಿನ ಬೆವರಿದರೆ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡರೆ ಆ ಕಡೆಯ ಲ್ಯಾಬಿನವರು ಪೂರ್ತಿ ಪೆಟ್ಟಿಗೆಯನ್ನೇ ತಿರಸ್ಕರಿಸುತ್ತಾರೆ. "ಮೊದಲ್ನೇ ಮಾಲೇ ಕೆಟ್ಟೋದ್ರೆ ಇನ್ನೊಂದು ಸಲ ನಮ್ಮನ್ನ ಯಾರ್ ಕರೀತಾರೆ ಮುದ್ದಪ್ಪಣ್ಣ?" ಎಂದಳು. "ಶೆಡ್ಡಿಗೆ ಬೀಗ ಆಕ್ಬುಟ್ಟು ಮತ್ತೆ ದಲ್ಲಾಳಿ ಮನೆ ಬಾಗ್ಲಾಗೆ ನಿಂತ್ಕಬೇಕು." ಇದಕ್ಕೆ ನಿಮ್ಮಲ್ಲಿ ಉತ್ತರ ಇದೆಯೇ?

ನಾನು ಪ್ರಸಾದನಿಗೆ ಕಸುಬಿನ ಪ್ರಶ್ನೆ ಹಾಕಿದೆ: ಎರಡೂ ಹಡಗು ಹೋದ ವರ್ಷ ಹೊತ್ತದ್ದೆಷ್ಟು, ಸುಟ್ಟದ್ದೆಷ್ಟು? ಅವನು ಎರಡು ದಿನ ವಿಚಾರಿಸಿ ಹೇಳಿದ. ಎರಡೂ ಒಂದೇ ಅಳತೆಯವು, ಸಾವಿರ ಪೆಟ್ಟಿಗೆ ಹಿಡಿಯುತ್ತವೆ. ಡಿ ಹಡಗು ಪ್ರತಿ ಸಲವೂ ಹೆಚ್ಚುಕಡಿಮೆ ಒಂಬೈನೂರ ನಲವತ್ತು ಪೆಟ್ಟಿಗೆ ಹೊತ್ತು, ಓಡಿದ ಒಂದೊಂದು ದಿನಕ್ಕೂ ಮೂವತ್ತು ಟನ್ ಎಣ್ಣೆ ಸುಟ್ಟಿದೆ. ಎ ಹಡಗು ಮುನ್ನೂರು ಹೊತ್ತು ಇಪ್ಪತ್ತನಾಲ್ಕು ಟನ್ ಸುಟ್ಟಿದೆ. ಸ್ವಾಮಿ, ನಾಲ್ಕನೇ ಕ್ಲಾಸಿನ ಭಾಗಾಕಾರ ಮಾಡಿ. ಒಂದು ಪೆಟ್ಟಿಗೆಗೆ ದಿನಕ್ಕೆ ನಿಮ್ಮ ಡಿ ಸುಟ್ಟದ್ದು ಮೂವತ್ತೆರಡು ಕೆಜಿ, ನಿಮ್ಮ ಎ ಸುಟ್ಟದ್ದು ಎಂಬತ್ತು. ಇದರಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು?

ನಿಮ್ಮ ಲೆಕ್ಕದಲ್ಲಿ ಇರುವುದು ಮೂರೇ ಅಂತೆ: ಹಡಗು ಎಷ್ಟು ಹೊರಬಲ್ಲದು, ಎಷ್ಟು ದೂರ ಓಡಿತು, ಎಷ್ಟು ಹೊಗೆ ಬಿಟ್ಟಿತು. ಹೊಗೆಯನ್ನು ಉಳಿದೆರಡರಿಂದ ಭಾಗಿಸುತ್ತೀರಂತೆ, ಹಾಗಾಗಿ ದೂರ ಹೆಚ್ಚಿದಷ್ಟೂ ಗ್ರೇಡು ಏರುತ್ತದೆ. ಎಷ್ಟು ಹೊತ್ತಿತು ಎಂದು ಕೇಳುವವರೇ ಇಲ್ಲ. ಡಿ ಹಡಗು ಯಾವುದೋ ದೂರದ ಬಂದರಿನ ಹೊರಗೆ ಜಾಗ ಸಿಗದೆ ಹನ್ನೊಂದು ದಿನ ಕಾದಿತ್ತಂತೆ. ನಿಂತಲ್ಲೂ ದೀಪಕ್ಕೆ, ಯಂತ್ರಕ್ಕೆ ಎಣ್ಣೆ ಬೇಕು. ಓಡದೆ ಸುಟ್ಟಿತು ಎಂದು ಅದಕ್ಕೂ ಬರೆ ಎಳೆದಿರಿ. ಕಾಯಿಸಿದವರಿಗೆ ಯಾವ ಗ್ರೇಡು ಕೊಟ್ಟಿರಿ?

ಈ ಬುದ್ಧಿವಂತಿಕೆ ಸಮುದ್ರದಲ್ಲೇ ಉಳಿದರೆ ಅನ್ಯಾಯ. ನಮ್ಮ ಹಿಂದೂಪುರದ ಬಸ್ಸಿಗೂ ಅನ್ವಯಿಸಿ. ಟಾಪಿನ ಮೇಲೂ ಜನ ಕೂತು ಏದುಸಿರು ಬಿಡುತ್ತ ಹೋಗುವ ಬಸ್ಸಿಗೆ ಡಿ ಕೊಡಿ. ಡ್ರೈವರ್ ಕಂಡಕ್ಟರ್ ಇಬ್ಬರೇ ಕಾಲು ಚಾಚಿಕೊಂಡು ಹೋಗುವ ಬಸ್ಸಿಗೆ ಎ ಕೊಡಿ. ಅದು ನೇರ ದಾರಿ ಬಿಟ್ಟು ಪಾವಗಡ ಸುತ್ತಿಕೊಂಡು ಹೋದರೆ ದೂರ ಹೆಚ್ಚಿತೆಂದು ಹಾರ ಹಾಕಿ. ಬಸ್‌ಸ್ಟ್ಯಾಂಡಿನಲ್ಲಿ ನಿಂತ ಜನ ಚಪ್ಪಾಳೆ ತಟ್ಟಿಕೊಂಡು ನಡೆದೇ ಹೋಗುತ್ತಾರೆ.

ಹೊಗೆಯ ಲೆಕ್ಕವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹೊಗೆ ಬಿಡುವವರನ್ನು ಹಿಡಿಯಿರಿ, ದಂಡಿಸಿ. ಅದಕ್ಕಾಗಿಯೇ ಮಾಲಿನ ಲೆಕ್ಕವೂ ಇರಲಿ ಎನ್ನುತ್ತೇನೆ. ಕೊಳ್ಳುವವರೂ ನಮ್ಮಷ್ಟೇ ಮನುಷ್ಯರು. "ಗ್ರೇಡು ಕೊಟ್ಟ ಕಚೇರಿಯಿಂದಲೇ ಹೊತ್ತ ಮಾಲಿನ ಲೆಕ್ಕ ಹಾಕಿ ಒಂದು ಕಾಗದ ತನ್ನಿ, ಡಿ ಹಡಗಿನಲ್ಲೇ ತೆಗೆದುಕೊಳ್ಳುತ್ತೇವೆ" ಎಂದಿದ್ದಾರೆ. ನಿಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದವರು ಬಹಳ ಮರ್ಯಾದಸ್ಥರು.

"ಸರ್, ಸರಕು ಎಷ್ಟು ಹೊತ್ತಿದೆ ಅನ್ನೋ ಕಾಲಂ ನಮ್ಮ ಫಾರಂನಲ್ಲಿ ಇಲ್ಲ."

"ಸರಕಿನ ಹಡಗು ಅಲ್ವೇನಪ್ಪ ಅದು?"

"ಹೌದು ಸರ್."

"ಮತ್ತೆ ಸರಕಿನ ಕಾಲಂ ಯಾಕಿಲ್ಲ?"

"ಫಾರಂ ಹಾಗೇ ಬಂದಿದೆ ಸರ್."

ಈ ಕಾಗದವನ್ನು ಪತ್ರಿಕೆಗೂ ಕೊಟ್ಟಿದ್ದೇನೆ, ಆದರೆ ಆಮೇಲೆ ನಾನು ಅಂದ ಮಾತನ್ನು ಪತ್ರಿಕೆಯವರು ಅಚ್ಚು ಮಾಡುವುದಿಲ್ಲ. ಫೋನು ಎತ್ತಿದವರಿಗೆ ನೆನಪಿರುತ್ತದೆ, ಕೇಳಿಕೊಳ್ಳಿ.

ಡಿ ಹಡಗು ಶನಿವಾರ ಬೆಳಿಗ್ಗೆ ಹೊರಡುತ್ತದೆ. ಶುಕ್ರವಾರ ಮಧ್ಯಾಹ್ನದೊಳಗೆ ಆ ಒಂದು ಕಾಗದ ಬರಬೇಕು: ಎರಡು ಹಡಗು ಹೊತ್ತದ್ದೆಷ್ಟು, ಸುಟ್ಟದ್ದೆಷ್ಟು, ಕೆಳಗೆ ನಿಮ್ಮ ಸಹಿ. ಕಾಲಂ ಇಲ್ಲದಿದ್ದರೆ ಸ್ಕೇಲು ಇಟ್ಟು ಗೆರೆ ಎಳೆದುಕೊಳ್ಳಿ. ಮುಂದಿನ ವರ್ಷದಿಂದ ಪ್ರತಿ ಗ್ರೇಡಿನ ಪಕ್ಕದಲ್ಲೂ ಹೊತ್ತ ಮಾಲು ಮತ್ತು ಕಾಯಿಸಿದ ಬಂದರಿನ ಹೆಸರು ಬರೆಯಿರಿ.

ಕಾಗದ ಬರದಿದ್ದರೆ ಹಡಗು ನಮ್ಮ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ಹತ್ತೊಂಬತ್ತು ಟನ್ ಹಗುರವಾಗಿ ಒಂದಿಷ್ಟು ಎಣ್ಣೆ ಕಡಿಮೆ ಸುಡುತ್ತದೆ. ನಿಮ್ಮ ಫಾರಂ ಪ್ರಕಾರ ಅಷ್ಟರಮಟ್ಟಿಗೆ ಅದು ಸುಧಾರಿಸಿದಂತೆಯೇ. ಮುಂದೊಂದು ದಿನ ಅದಕ್ಕೆ ಸಿ ಗ್ರೇಡು ಕೊಡುವಾಗ, ಬೂಷ್ಟು ಹಿಡಿದ ಬೀಜವನ್ನು ತಿಪ್ಪೆಗೆ ಸುರಿದ ಇಪ್ಪತ್ತೆರಡು ಹೆಂಗಸರಿಗೂ ಒಂದೊಂದು ಪ್ರಶಂಸಾಪತ್ರ ಕಳಿಸಿ. ಹೆಸರು, ವಿಳಾಸ ನಾನು ಕೊಡುತ್ತೇನೆ.

ಇಂತಿ,
ಸಮುದ್ರವನ್ನು ಒಮ್ಮೆಯೂ ನೋಡದ, ಜೊಳ್ಳು ಮಾತ್ರ ದಿನವೂ ನೋಡಿದ
ಮುದ್ದಪ್ಪ
ಮಡಕಶಿರ